ಔಷಧ ಅಂದರೇನು ಎಂದು ಮೇಡಂ ಕೇಳಿದಾಗ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಹೆದ್ದಾರಿಯಿಂದ ಕೆಳಗಿಳಿದು ಹೊಲಗಳ ನಡುವೆ ನಡೆದರೆ ಒಂದು ಕೆಂಪು ದಿಬ್ಬ ಬರುತ್ತದೆ. ಸುತ್ತಲೂ ಎರೆಮಣ್ಣು, ತೊಗರಿ, ಕಬ್ಬು. ದಿಬ್ಬದ ಮೇಲೆ ಮಾತ್ರ ಮುರ್ರಂ ಕಲ್ಲು, ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಬಾರಿಗಿಡ. ನಿಜಾಮನ ಕಾಲದಲ್ಲಿ ಬೇಟೆಗೆಂದು ಬಿಟ್ಟ ಜಾಗ. ಹಳಬರು ಅದಕ್ಕೆ ರಮನಾ ಎನ್ನುತ್ತಾರೆ. ಚಿಗರಿ, ಮೊಲ, ನರಿ, ತೋಳ ಇವೆಯೆಂದು ಸರಕಾರ ಅದನ್ನು ಕಾದಿಟ್ಟು ಒಂದು ಬೋರ್ಡು ನಿಲ್ಲಿಸಿದ ಮೇಲೆ ಊರವರು ಪಾರ್ಕು ಎನ್ನತೊಡಗಿದರು. ನಾನು ಅಲ್ಲಿ ವಾಚರ್ ಆಗಿದ್ದೆ. ಖಾಯಂ ಅಲ್ಲ, ಹಂಗಾಮಿ. ಬೆಳಿಗ್ಗೆ ಬಡಿಗೆ ಹಿಡಿದು ಹೊರಟರೆ ಚಹಾದ ಅಂಗಡಿಯಲ್ಲಿ ಯಾರಾದರೊಬ್ಬರು ಕೆಣಕದೆ ಬಿಡುತ್ತಿರಲಿಲ್ಲ.

“ಪಾರ್ಕಿಗಿ ಹೊಂಟ್ರೇನು ಸಾಹೇಬ್ರ? ಜೋಕಾಲಿ ಹಾಕ್ಯಾರೇನು ಅಲ್ಲಿ?”

“ಹಾಕ್ಯಾರ ಬಾ. ನೀ ಕುಂಡ್ರು, ತೋಳ ತೂಗತದ.”

ಆ ರಮನಾದಲ್ಲಿ ನನ್ನ ಗೆಳೆಯನೊಬ್ಬ ಕುರಿ ಮೇಯಿಸುತ್ತಿದ್ದ. ಅವನ ಕುರಿ, ಅವನ ಒಳ್ಳೆಯ ಹೆಸರು, ಅವನ ಕೈಗುಣ, ಎಲ್ಲವೂ ಹೋದದ್ದು ನಾನು ಆಡಿದ ಒಂದು ಮಾತಿನಿಂದ, ಆಮೇಲೆ ಆಡದೆ ನುಂಗಿಕೊಂಡ ಇನ್ನೊಂದು ಮಾತಿನಿಂದ. ಎಪ್ಪತ್ತರ ಹತ್ತಿರ ಬಂದು ಇದನ್ನು ಬರೆಯುತ್ತಿದ್ದೇನೆ. ಮೊದಲೇ ಬರೆಯಬಹುದಿತ್ತು. ಮ್ಯಾಟ್ರಿಕ್ ಪಾಸಾದವನಿಗೆ ಇಷ್ಟು ಬರೆಯಲು ಬರುತ್ತದೆ.

ಅವನೂ ನಾನೂ ನಮ್ಮೂರು ಹುಡಗಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಒಂದೇ ಹಲಗೆಯ ಮೇಲೆ ಕೂತವರು. ಆಮೇಲೆ ಅವನು ಕುರಿಯ ಹಿಂದೆ ಹೋದ, ನಾನು ಪುಸ್ತಕದ ಹಿಂದೆ. ಪುಸ್ತಕ ನನ್ನನ್ನು ಬಹಳ ದೂರ ಒಯ್ಯಲಿಲ್ಲ. ಅವನನ್ನು ಕುರಿಗಳು ಬೀದರದಿಂದ ಮಹಾರಾಷ್ಟ್ರದ ಗಡಿಯವರೆಗೆ ಎಲ್ಲ ಹೊಲಗಳಿಗೂ ಒಯ್ದವು. ಸುಗ್ಗಿ ಮುಗಿದ ಮೇಲೆ ರೈತರು ಅವನನ್ನು ಕರೆದು ತಮ್ಮ ಹೊಲದಲ್ಲಿ ಹಿಂಡು ನಿಲ್ಲಿಸಿಕೊಳ್ಳುತ್ತಿದ್ದರು. ಕುರಿ ಮಲಗಿ ಎದ್ದ ನೆಲ ಮುಂದಿನ ವರ್ಷ ಬೇರೆಯೇ ಬೆಳೆ ಕೊಡುತ್ತದೆ. ಅವನು ಬಂದರೆ ಅದೊಂದೇ ಲಾಭವಲ್ಲ. ಹೊಟ್ಟೆ ಉಬ್ಬಿದ ಎತ್ತು, ಕಣ್ಣು ಬಂದ ಕರು, ಹಾಲು ಬತ್ತಿದ ಎಮ್ಮೆ, ಇದ್ದಬದ್ದ ದನವನ್ನೆಲ್ಲ ಅವನ ಮುಂದೆ ಹಿಡಿದು ತರುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಒಬ್ಬ ಮುದುಕ ಸಾಬರ ಕೈಕೆಳಗೆ ದನದ ಮದ್ದು ಕಲಿತಿದ್ದ. ಗುರುವಿನ ಮಾತಿನಲ್ಲೇ ಅದಕ್ಕೆ ದವಾ ಎನ್ನುತ್ತಿದ್ದ. “ಜರಾ ದವಾ ಕೊಡ್ತೇನಿ, ಮುಂಜಾನಿ ನೋಡ್ರಿ” ಎನ್ನುವುದು ಅವನ ಮಾತಿನ ರೂಢಿ.

ಮೇಡಂ ಬಂದದ್ದು ಮೈಸೂರಿನ ಕಡೆಯಿಂದ. ತೋಳಗಳ ಮೇಲೆ ಸಂಶೋಧನೆ ಮಾಡಿ ದೊಡ್ಡ ಡಿಗ್ರಿ ಪಡೆಯಬೇಕಿತ್ತು. ಎಳೆಯ ವಯಸ್ಸು. ಹುಮನಾಬಾದಿನಲ್ಲಿ ಒಂದು ಕೋಣೆ ಹಿಡಿದು ದಿನವೂ ಹಳೆಯ ಸ್ಕೂಟಿಯ ಮೇಲೆ ಬರುತ್ತಿದ್ದರು. ಅರಣ್ಯ ಇಲಾಖೆಯ ನಮ್ಮ ಸಾಹೇಬರು ನನ್ನನ್ನು ಅವರ ಜೊತೆಗೆ ಹಾಕಿದರು.

“ನಿಮ್ಮದು ಯಾವೂರು?” ಎಂದು ಮೊದಲ ದಿನ ಕೇಳಿದರು.

“ಹುಡಗಿ ರಿ.”

“ಹುಡುಗಿನಾ?”

“ಹುಡುಗಿ ಅಲ್ರಿ, ಹುಡಗಿ. ಹುಡುಗೀರು ಗಂಡನ ಊರಿಗಿ ಹೋಗ್ತಾರ. ನಮ್ಮ ಹುಡಗಿ ಇದ್ದಲ್ಲೇ ಅದ.”

ನಕ್ಕರು. ಅಂದಿನಿಂದ ನಮ್ಮಿಬ್ಬರಿಗೂ ಕೂಡಿಬಂತು.

ತೋಳ ಏನು ತಿಂದು ಬದುಕುತ್ತದೆ ಎಂದು ತಿಳಿಯುವುದು ಅವರ ಕೆಲಸ. ಅದಕ್ಕೆ ತೋಳದ ಹಿಕ್ಕೆ ಬೇಕು. ನಾವಿಬ್ಬರೂ ಬೆಳಗಿನ ತಂಪಿನಲ್ಲಿ ಕಾಲುದಾರಿಗಳ ಮೇಲೆ ತಲೆ ಬಗ್ಗಿಸಿ ನಡೆಯುತ್ತಿದ್ದೆವು. ಸಿಕ್ಕಿದ್ದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಕೋಣೆಗೆ ಒಯ್ದು, ಮಾಳಿಗೆಯ ಮೇಲೆ ಒಣಗಿಸಿ, ಜರಡಿಯಲ್ಲಿ ತೊಳೆದು, ಒಳಗಿನ ಕೂದಲನ್ನು ಹೆಕ್ಕಿ, ಅದು ಇಲಿಯದೋ ಮೊಲದ್ದೋ ಕುರಿಯದೋ ಎಂದು ಭೂತಗನ್ನಡಿಯ ಕೆಳಗೆ ಇಟ್ಟು ನೋಡುತ್ತಿದ್ದರು. ಮನೆಯ ಮಾಲಕಿ ಒಂದು ದಿನ ಕೆಳಗಿನಿಂದಲೇ ಕೂಗಿ ಕೇಳಿದಳು.

“ಮಾಳಗಿ ಮ್ಯಾಲ ಏನು ಒಣಗಸಾಕತ್ತೀರಿ ಮೇಡಂ? ಸಂಡಗಿ ಏನು?”

“ಹೂಂ, ಸಂಡಿಗೆ” ಎಂದರು ಮೇಡಂ, ನನ್ನ ಮುಖ ನೋಡದೆ.

ನಡೆಯುವುದರ ಜೊತೆಗೆ ನನಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಕಡೆಯ ಕನ್ನಡವನ್ನು ಅವರಿಗೆ ಬಿಡಿಸಿ ಹೇಳುವುದು. ಒಮ್ಮೆ ಹೊಲದ ಬದುವಿನ ಮೇಲೆ ನಿಂತ ರೈತನೊಬ್ಬ “ಹೆಸರಿಗಿ ಔಷಧಾ ಹೊಡಿಯಾಕತ್ತೇನ್ರಿ” ಎಂದ. ಮೇಡಂಗೆ ಒಂದಕ್ಷರವೂ ತಿಳಿಯಲಿಲ್ಲ.

“ಹೆಸರಂದ್ರ ಹೆಸರಕಾಳು ರಿ. ಔಷಧಾ ಅಂದ್ರ ಹುಳಕ್ಕ ಹೊಡಿಯೋ ವಿಷ” ಎಂದೆ.

“ವಿಷಕ್ಕೆ ಔಷಧ ಅಂತೀರಾ?”

“ಅಂತೀವ್ರಿ. ಕರಾ ಔಷಧಾ ನೆಕ್ಕಿ ಸತ್ತಿತು ಅಂತೀವಿ.”

“ಔಷಧ ನೆಕ್ಕಿ ಸಾಯೋದು. ಸರಿ. ಮತ್ತೆ ಜ್ವರ ಬಂದ್ರೆ ಕೊಡೋದಕ್ಕೆ ಏನಂತೀರಿ?”

“ಅದಕ್ಕೂ ಔಷಧಾನ ರಿ. ಹಳಬರು ದವಾ ಅಂತಾರ.”

ಅವರಿಗೆ ಇದು ಬಹಳ ದಿನ ನಗೆಯ ವಿಷಯವಾಯಿತು. ಕೆಮ್ಮಿಗೆ ಗುಳಿಗೆ ನುಂಗಿದಾಗಲೆಲ್ಲ “ಔಷಧ ತಗೊಂಡಿದೀನಿ, ಉಳಿದ್ರೆ ನಾಳೆ ಬರ್ತೀನಿ” ಎನ್ನುತ್ತಿದ್ದರು. ಆ ಮಾತಿನ ಎರಡು ಮುಖಗಳನ್ನು ಅವರಿಗೆ ಕಲಿಸಿದವನು ನಾನೇ.

ನನ್ನ ಗೆಳೆಯನನ್ನು ಅವರಿಗೆ ತೋರಿಸಿದವನೂ ನಾನೇ. ತೋಳದ ಜಾಡು ಕೇಳಲು ಅವನ ಹಟ್ಟಿಗೆ ಕರೆದೊಯ್ದಿದ್ದೆ. ತೋಳ ಕುರಿಯನ್ನು ಒಯ್ದರೆ ಅವನು ಬೈಯುತ್ತಿರಲಿಲ್ಲ, “ಹಿಸ್ಸಾ ಒಯ್ತು” ಎನ್ನುತ್ತಿದ್ದ. ಹಿಸ್ಸಾ ಎಂದರೆ ಪಾಲು. ಅದನ್ನು ಕೇಳಿ ಮೇಡಂಗೆ ಆಶ್ಚರ್ಯ.

“ನಿಮಗೆ ಸಿಟ್ಟು ಬರಲ್ವಾ?”

“ಸಿಟ್ಟ್ಯಾಕವ್ವಾ? ಈ ಹುಲ್ಲು ನಮ್ಮಪ್ಪಂದಲ್ಲ, ಅದರಪ್ಪಂದೂ ಅಲ್ಲ. ಇಬ್ಬರೂ ಇದರ ಮ್ಯಾಲೇ ಬದುಕಾಕತ್ತೇವಿ. ಹಿಸ್ಸಾ ಕೊಡಬೇಕಾಗತದ.”

“ಹಿಕ್ಕೆಯಲ್ಲಿ ನಿಮ್ಮ ಕುರಿಯ ಕೂದಲು ಸಿಗುತ್ತೆ.”

“ಸಿಗ್ತದ? ಕರೀದೋ ಬಿಳೀದೋ ನೋಡಿ ಹೇಳು. ಕರೀದಿದ್ರ ಮೊನ್ನಿ ಕಳದದ್ದು. ನಾ ಮಾರಕೊಂಡು ಕುಡದೆ ಅಂತಾಳ ನನ್ನ ಹೆಂಡ್ತಿ. ನೀ ಬಂದು ಆಕಿ ಮುಂದ ಸಾಕ್ಷಿ ಹೇಳಬೇಕು ನೋಡು.”

ಒಂದು ಚಳಿಗಾಲದಲ್ಲಿ ಅವನು ನಮ್ಮಿಬ್ಬರನ್ನು ಕರೆದೊಯ್ದು ಒಂದು ಬಂಡೆಯ ಕೆಳಗಿನ ಗವಿಯನ್ನು ದೂರದಿಂದ ತೋರಿಸಿದ. ಹೆಣ್ಣು ತೋಳ ಅಲ್ಲಿ ಮರಿ ಹಾಕಿತ್ತು. “ಯಾರಿಗೂ ಹೇಳಬ್ಯಾಡ್ರಿ” ಎಂದ. ಮೇಡಂ ಗವಿಯ ಎದುರಿನ ಗಿಡಕ್ಕೆ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿದರು. ಮರಿಗಳು ಒಂದರ ಮೇಲೊಂದು ಬಿದ್ದು ಆಡುವ ಚಿತ್ರವನ್ನು ಅವನಿಗೆ ತೋರಿಸಿದಾಗ ಅವನು ಮೊದಲು ತಲೆಯ ಪಟಗಾ ಸರಿಮಾಡಿಕೊಂಡ. ಮನೆಗೆ ಬಂದ ಬೀಗರನ್ನು ನೋಡುವ ಹಾಗೆ ನೋಡಿದ.

ಮೇಡಂಗೆ ಆಗ ಇದ್ದ ಒಂದೇ ಅಂಜಿಕೆ ಊರನಾಯಿಗಳದ್ದು. ನಾಯಿಗೆ ಬರುವ ಕೆಲವು ರೋಗ ತೋಳಕ್ಕೂ ತಗಲುತ್ತದೆ, ಮರಿಗಳು ಉಳಿಯುವುದಿಲ್ಲ ಎಂದು ಹೇಳುತ್ತಿದ್ದರು. ಅದಕ್ಕೆ ಸುತ್ತಲಿನ ಊರುಗಳ ನಾಯಿಗಳಿಗೆ ಹುಮನಾಬಾದಿನ ದನದ ದವಾಖಾನೆಯಲ್ಲಿ ಸೂಜಿ ಹಾಕಿಸಲು ಓಡಾಡಿ ಏರ್ಪಾಟು ಮಾಡಿದರು. ವಾಚರುಗಳ ನಾಯಿ ರಮನಾದೊಳಗೆ ಕಾಲಿಡಬಾರದು ಎಂದು ಸಾಹೇಬರಿಂದ ಕಟ್ಟಪ್ಪಣೆಯನ್ನೂ ಮಾಡಿಸಿದರು.

ನನಗೊಂದು ನಾಯಿ ಇತ್ತು. ಕಂದು ಬಣ್ಣ, ಒಂದು ಕಿವಿ ಮಡಚಿದ್ದು. ನನ್ನ ಹೆಜ್ಜೆ ಎಲ್ಲಿಗೋ ಅದರ ಹೆಜ್ಜೆಯೂ ಅಲ್ಲಿಗೆ. ಸೂಜಿಯ ದಿನ ಅದನ್ನು ಎತ್ತಿಕೊಂಡು ಹುಮನಾಬಾದಿಗೆ ಹೋಗುವ ಟಂಟಂ ಆಟೋ ಹತ್ತಿದೆ.

“ನಾಯಿಗಿ ಸೀಟ ಇಲ್ಲ ಕಾಕಾ” ಎಂದ ಟಂಟಂ ಹೊಡೆಯುವವ.

“ತೊಡಿ ಮ್ಯಾಲ ಕುಂಡಿಸ್ಕೋತೇನೋ.”

“ನಿನ್ನ ತೊಡಿ ಮ್ಯಾಲ ನಾಯಿ ಕುಂತ್ರ, ನಿನ್ನ ಬಾಜೂಕಿನ ಬಾಯಾರು ನನ್ನ ತೊಡಿ ಮ್ಯಾಲ ಬರಬೇಕಾಗತದ. ಅವರ ಗಂಡಗ ಯಾರು ಜವಾಬ ಹೇಳೋರು?”

ಎಲ್ಲರೂ ನಕ್ಕರು. ನಾನು ಇಳಿದೆ. ಅವಮಾನವೇನೂ ಆಗಿರಲಿಲ್ಲ. ಹಿಂದಿನಿಂದ ಇನ್ನೊಂದು ಗಾಡಿ ಬಂತು, ಅದು ಖಾಲಿಯೂ ಇತ್ತು. ಬಿಸಿಲು ಏರಿತ್ತು, ನಾಯಿ ಗಟ್ಟಿಮುಟ್ಟಾಗಿತ್ತು, ಹತ್ತಲಿಲ್ಲ ಅಷ್ಟೇ. ಸಂಜೆ ಮೇಡಂ ಕೇಳಿದಾಗ “ಹಾಕಿಸೇನ್ರಿ” ಎಂದೆ.

ನಾಯಿ ರಮನಾದೊಳಗೆ ನನ್ನ ಹಿಂದೆ ಬರುವುದನ್ನು ನಾನು ತಡೆಯಲಿಲ್ಲ. ಮೇಡಂ ಇಲ್ಲದ ದಿನ ಬರುತ್ತಿತ್ತು. ಗವಿಯ ಕೆಳಗಿನ ನೀರಿನ ಗುಂಡಿಯಲ್ಲಿ ಕುಡಿಯುತ್ತಿತ್ತು. ತೋಳವೂ ಅಲ್ಲಿಯೇ ಕುಡಿಯುತ್ತಿತ್ತು. ಸ್ವಲ್ಪ ದಿನಕ್ಕೆ ಅದರ ಕಣ್ಣಲ್ಲಿ ಕೀವು ಬಂತು, ಮೂಗು ಸೋರತೊಡಗಿತು. ಅನ್ನ ಬಿಟ್ಟಿತು. ಆಮೇಲೆ ಹಿಂಗಾಲು ತಾನಾಗಿ ಅದುರತೊಡಗಿತು. ಮೇಡಂ ಹೇಳಿದ್ದ ಲಕ್ಷಣಗಳೇ ಅವು. ಅವರ ಕಣ್ಣಿಗೆ ಬಿದ್ದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಹಳಬರನ್ನು ಖಾಯಂ ಮಾಡುತ್ತಾರೆಂಬ ಸುದ್ದಿ ಆ ವರ್ಷವೇ ಹಬ್ಬಿತ್ತು. ನಾಯಿಯನ್ನು ರಮನಾದ ಹಿಂಬದಿಯಲ್ಲಿದ್ದ ಗೆಳೆಯನ ಹಟ್ಟಿಗೆ ಒಯ್ದೆ.

“ನಾಕ ದಿನ ಇಟ್ಕೋ. ಮೇಡಂಗ ಹೇಳಬ್ಯಾಡ.”

“ಯಾಕ?”

“ನೌಕರಿ ಹೋಗತದ.”

“ಆಯ್ತು, ಹೇಳೂದಿಲ್ಲ” ಎಂದ, ಮುಂದೆ ಕೇಳಲಿಲ್ಲ. ನಾಯಿಯ ದವಡೆ ಬಿಡಿಸಿ ನೋಡಿ, ಕಣ್ಣಿನ ಕೀವನ್ನು ತನ್ನ ಧೋತರದ ಚುಂಗಿನಿಂದ ಒರೆಸಿದ. “ಬೀಮಾರಿ ಜೋರ ಅದ. ಜರಾ ದವಾ ಕೊಡ್ತೇನಿ. ಮುಂಜಾನಿ ನೋಡು” ಎಂದ. ಜೋಳದ ರೊಟ್ಟಿಯನ್ನು ಹಾಲಲ್ಲಿ ನಾದಿ, ಬೆಳ್ಳುಳ್ಳಿ, ಅರಿಶಿನ, ಅಜವಾನ ಕುಟ್ಟಿ ಸೇರಿಸಿ ಉಂಡೆ ಕಟ್ಟಿದ. ನಾಯಿ ನೀರಿಗೆಂದು ಗುಂಡಿಯ ಕಡೆಗೇ ಎಳೆಯುತ್ತಿದ್ದುದರಿಂದ ಅಲ್ಲಿಯೇ ಕೂತು ಒಂದೊಂದಾಗಿ ಬಾಯಿಗೆ ಹಾಕುತ್ತಿದ್ದ. ಅರ್ಧ ನುಂಗುತ್ತಿತ್ತು, ಅರ್ಧ ಉಗುಳುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಮೇಡಂ ಕ್ಯಾಮೆರಾದ ಚಿತ್ರಗಳನ್ನು ನೋಡಿ, ಮರಿಗಳು ಹೊರಗೆ ಬಂದೇ ಇಲ್ಲ ಎಂದು ಗವಿಯ ಬಾಯಿಗೆ ಹೋದರು. ಎಂದೂ ಅಷ್ಟು ಹತ್ತಿರ ಹೋದವರಲ್ಲ. ಮರಿಗಳು ಒಳಗೆ ಸತ್ತು ಬಿದ್ದಿದ್ದವು. ಹೆಣ್ಣು ತೋಳ ಹಾಡಹಗಲಲ್ಲಿ ಗುಂಡಿಯ ಅಂಚಿನಲ್ಲಿ ನಿಂತಿತ್ತು, ನಮ್ಮನ್ನು ಕಂಡರೂ ಓಡಲಿಲ್ಲ. ಬಾಯಲ್ಲಿ ನೊರೆ, ಹಿಂಗಾಲು ಅದುರುತ್ತಿತ್ತು. ಆ ಅದುರು ನನಗೆ ಗೊತ್ತಿತ್ತು. ಸಂಜೆಯೊಳಗೆ ಅದೂ ಬಿತ್ತು. ಮೇಡಂ ಬಂಡೆಯ ಮೇಲೆ ಕೂತು ಸದ್ದಿಲ್ಲದೆ ಅತ್ತರು. ಆಮೇಲೆ ಕೈಗವಸು ಹಾಕಿಕೊಂಡು ಸತ್ತವುಗಳಿಂದ ಪರೀಕ್ಷೆಗೆ ಬೇಕಾದದ್ದನ್ನೆಲ್ಲ ತೆಗೆದರು. ಗುಂಡಿಯ ಹತ್ತಿರ ಬಿದ್ದಿದ್ದ ಹಳದಿ ಉಂಡೆಗಳನ್ನೂ ಪೊಟ್ಟಣದಲ್ಲಿ ಕಟ್ಟಿಕೊಂಡರು.

ಮರುದಿನ ಸಾಹೇಬರು ಜೀಪಿನಲ್ಲಿ ಬರುವ ಮೊದಲೇ ನಾನು ನಾಯಿಯನ್ನು ಹಟ್ಟಿಯಿಂದ ತಂದು ಗೋಣಿಚೀಲದಲ್ಲಿ ಹಾಕಿ, ಸೈಕಲ್ಲಿಗೆ ಕಟ್ಟಿ, ಹುಮನಾಬಾದಿನ ಆಚೆ ಇರುವ ನನ್ನ ಹೆಂಡತಿಯ ತವರಿಗೆ ಸಾಗಿಸಿ ಬಂದಿದ್ದೆ. ಇನ್ನೂ ಅದುರುತ್ತಲೇ ಇತ್ತು.

ಸಾಹೇಬರು ಗೆಳೆಯನನ್ನು ಕರೆಸಿದರು. ಅವರೂ ಈ ಕಡೆಯವರಲ್ಲ. ಅವನು ತೊಳೆದ ಪಟಗಾ ಸುತ್ತಿಕೊಂಡು ಬಂದು ಕೈಮುಗಿದು ನಿಂತ. ಮೇಡಂ ಪೊಟ್ಟಣ ಬಿಚ್ಚಿ ಉಂಡೆ ತೋರಿಸಿದರು.

“ಇದು ನಿಂದೇನಯ್ಯಾ?” ಎಂದರು ಸಾಹೇಬರು.

“ಹೌದ್ರಿ ಸಾಹೇಬ್ರ. ನಂದ.”

“ಏನಿದೆ ಇದರಲ್ಲಿ?”

ಅವನು ಒಮ್ಮೆ ನನ್ನ ಕಡೆ ನೋಡಿದ. ನಾಯಿಯ ಮಾತು ಎತ್ತುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದ. ಆಮೇಲೆ ನೆಟ್ಟಗೆ ನಿಂತು ಹೇಳಿದ.

“ಔಷಧ ಅದ ರಿ. ನಾನೇ ಹಾಕೀನಿ.”

ಜನ್ಮವೆಲ್ಲ ದವಾ ಎಂದವನು ಅಂದು ಔಷಧ ಎಂದ. ಯಾಕೆ ಎಂದು ನನಗೆ ಗೊತ್ತು. ದವಾ ನಮ್ಮ ಹಟ್ಟಿಯ ಮಾತು, ಔಷಧ ಪುಸ್ತಕದ ಮಾತು. ಸಾಹೇಬರು, ಓದಿದ ಹೆಣ್ಣುಮಗಳು ಎದುರಿಗೆ ನಿಂತಿದ್ದಾರೆ, ಮರ್ಯಾದೆಯ ಮಾತಾಡಬೇಕು ಎಂದು ನಾಲ್ಕನೆಯ ಇಯತ್ತೆಯಿಂದ ಆ ಶಬ್ದವನ್ನು ಹುಡುಕಿ ತೆಗೆದಿದ್ದ.

ಮೇಡಂ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಬೇರೆ ಅರ್ಥ ಬರಲಿ ಎಂಬ ಬೇಡಿಕೆ ಇತ್ತು.

“ಔಷಧ ಅಂದರೇನು ಇವರು ಹೇಳ್ತಿರೋದು? ಯಾವ ಔಷಧ?”

“ನಿಮಗ ಗೊತ್ತದಲ್ರಿ ಮೇಡಂ” ಎಂದೆ. “ನಮ್ಮ ಕಡಿ ಔಷಧಾ ಅಂದ್ರ ಹೊಲಕ್ಕ ಹೊಡಿಯೋದು.”

ಆ ಮಾತಿನಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಬಹಳ ವರ್ಷ ನಾನು ಅದನ್ನೇ ಹಿಡಿದುಕೊಂಡು ಮಲಗಿದೆ. ನಮ್ಮ ಕಡೆ ಔಷಧ ಎಂದರೆ ಅದೇ, ಯಾರನ್ನಾದರೂ ಕೇಳಿ.

ಗೆಳೆಯ ಬಾಯಿ ತೆರೆದ. ಏನೋ ಹೇಳುತ್ತಾನೆ, ನಾಯಿಯ ಮಾತು ಬಂದೇಬಿಟ್ಟಿತು ಎಂದುಕೊಂಡೆ. ಅವನು ನನ್ನನ್ನು ನೋಡಿದ, ಪೊಟ್ಟಣದಲ್ಲಿದ್ದ ಉಂಡೆಯನ್ನು ನೋಡಿದ, ಬಾಯಿ ಮುಚ್ಚಿದ. ಮೇಡಂ ಅವನಿಗೆ ಒಂದೇ ಮಾತು ಹೇಳಿದರು. “ನೀವು ಹಿಸ್ಸಾ ಅಂದಿದ್ರಿ.” ಅಷ್ಟು ಹೇಳಿ ಸ್ಕೂಟಿಯ ಕಡೆಗೆ ನ‌ಡೆದುಬಿಟ್ಟರು.

ಪರೀಕ್ಷೆಯ ಉತ್ತರ ಬರುವವರೆಗೆ ಕೇಸು ಮಾಡುವುದಿಲ್ಲ, ಆದರೆ ಇನ್ನು ಈ ಹುಲ್ಲಿಗೆ ನಿನ್ನ ಕುರಿ ಬರಕೂಡದು ಎಂದರು ಸಾಹೇಬರು. ಅವರು ತಿಳಿದಷ್ಟಕ್ಕೆ ಅದು ನ್ಯಾಯವೇ.

ಕೆಲವು ದಿನಗಳ ಮೇಲೆ ಹುಡಗಿಯ ಟಂಟಂ ನಿಲ್ಲುವಲ್ಲಿ ಅವನು ಎದುರಾದ. ನಾನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ನನ್ನ ಮಾತಿನ ಲೆಕ್ಕ ಕೇಳುತ್ತಾನೆ ಎಂದುಕೊಂಡೆ.

“ನಾಯಿ ಹ್ಯಾಂಗದ?” ಎಂದು ನನ್ನ ತೋಳಿನ ಮೇಲೆ ಕೈಯಿಟ್ಟು ಕೇಳಿದ.

ಬದುಕಿದೆ ಎಂದರೆ ಎಲ್ಲಿದೆ ಎನ್ನುತ್ತಾನೆ, ನೋಡಲು ಹೋಗುತ್ತಾನೆ, ಯಾರಿಗಾದರೂ ಹೇಳುತ್ತಾನೆ.

“ಸತ್ತಿತು” ಎಂದೆ.

“ದವಾ ಕೊಟ್ಟ ಮ್ಯಾಲ?”

“ಹೂಂ. ಕೊಟ್ಟ ಮ್ಯಾಲ.”

ಅವನು ನನ್ನ ತೋಳಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತನ್ನ ಅಂಗೈಯನ್ನೇ ನೋಡಿಕೊಂಡ. ನಾಯಿಗಾಗಿ ದುಃಖಪಡುತ್ತಿದ್ದಾನೆ ಎಂದು ನಾನು ತಿಳಿದೆ.

ಮಾತು ಊರೂರಿಗೆ ಹೋಯಿತು. ಅವನು ಚಹಾದ ಅಂಗಡಿಗೆ ಬಂದು ಕೂತರೆ ಪಡ್ಡೆಗಳು ತಮ್ಮ ಕಪ್ಪನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು. “ಜರಾ ದೂರ ಕುಂಡ್ರು ಮುತ್ಯಾ, ನಾವಿನ್ನಾ ಲಗ್ನ ಆಗೋದದ.” ಆ ಸುಗ್ಗಿಯಲ್ಲಿ ಯಾರೂ ಅವನನ್ನು ಹೊಲಕ್ಕೆ ಕರೆಯಲಿಲ್ಲ. ತೋಳಕ್ಕೆ ವಿಷವಿಟ್ಟವನು ನಾಳೆ ನಮ್ಮ ಬಾವಿಯ ಹತ್ತಿರ ಹಟ್ಟಿ ಹಾಕಿದರೆ ಎಂಬ ಅಂಜಿಕೆ. ಕರುವನ್ನು ಹಿಡಿದು ತರುವವರೂ ನಿಂತರು. ಹುಲ್ಲೂ ಇಲ್ಲ, ಹೊಲವೂ ಇಲ್ಲ. ಹಿಂಡಿಗೆ ಗಿರಾಕಿ ಹುಡುಕುತ್ತಿದ್ದಾನೆ ಎಂದು ಕೇಳಿದೆ.

ಅದೇ ಸಮಯಕ್ಕೆ ಮೈಸೂರಿನಿಂದ ಮೇಡಂ ಫೋನು ಮಾಡಿದರು. ತೋಳಗಳು ಸತ್ತ ಮೇಲೆ ಅವರು ಕೋಣೆ ಬಿಟ್ಟು ಹೋಗಿದ್ದರು.

“ಉತ್ತರ ಬಂತು. ವಿಷ ಅಲ್ಲ. ನಾಯಿಗಳಿಂದ ಬರೋ ರೋಗ. ಉಂಡೆಯಲ್ಲಿ ಅರಿಶಿನ ಬೆಳ್ಳುಳ್ಳಿ ಬಿಟ್ರೆ ಏನೂ ಇಲ್ಲ. ನಾನು ಅವರ ಮೇಲೆ ಅನುಮಾನ ಪಟ್ಟೆ. ಸಾಹೇಬ್ರಿಗೆ ಫೋನ್ ಮಾಡಿದ್ರೆ ಅವರಿಗೆ ವರ್ಗ ಆಗಿದೆ, ಹೊಸಬರಿಗೆ ಏನೂ ಗೊತ್ತಿಲ್ಲ. ನೀವು ಇವತ್ತೇ ಹೋಗಿ ಅವರಿಗೆ ಹೇಳಿ. ಊರಲ್ಲೂ ಹೇಳಿ.”

“ಹೇಳ್ತೇನ್ರಿ” ಎಂದೆ.

ರೋಗ ಎಂದು ಹೇಳಿದರೆ ಯಾವ ನಾಯಿ ಎಂಬ ಮಾತು ಬರುತ್ತಿತ್ತು. ಇವತ್ತು ಬೇಡ, ನಾಳೆ ಎಂದುಕೊಂಡೆ. ನಾಳೆಯೂ ಹಾಗೆಯೇ ಅಂದುಕೊಂಡೆ. ಮೇಡಂ ಮತ್ತೆ ಫೋನು ಮಾಡಿ “ಹೇಳಿದ್ರಾ?” ಎಂದರು. “ಹೇಳೇನ್ರಿ. ಖುಷಿ ಆದ್ರು” ಎಂದೆ. ಅಷ್ಟರಲ್ಲಿ ಅವನು ಹಿಂಡನ್ನು ಮಾರಿ, ಹೆಂಡತಿಯನ್ನು ಕರೆದುಕೊಂಡು ಬಸವಕಲ್ಯಾಣದ ಬದಿಯ ನಾರಾಯಣಪುರಕ್ಕೆ, ಮಗಳ ಮನೆಗೆ ಹೋದ.

ನಾನು ಖಾಯಂ ಆಗಲಿಲ್ಲ. ಅದಕ್ಕೆ ಯಾರೂ ಕಾರಣರಲ್ಲ, ಸುದ್ದಿಯೇ ಸುಳ್ಳಾಗಿತ್ತು. ನಾಯಿ ಉಳಿಯಿತು. ಬಹಳ ವರ್ಷ ಬದುಕಿತು. ಹೆಂಡತಿಯ ತವರಿಗೆ ಹೋದಾಗಲೆಲ್ಲ ಓಡಿ ಬಂದು ನನ್ನ ಕಾಲ ಹತ್ತಿರ ಮಲಗುತ್ತಿತ್ತು. ನಿದ್ದೆಯಲ್ಲೂ ಅದರ ಹಿಂಗಾಲು ಅದುರುತ್ತಿತ್ತು.

ನನ್ನ ಪಶ್ಚಾತ್ತಾಪ ತಾನಾಗಿ ಎದ್ದು ನಡೆಯಲಿಲ್ಲ, ಇದನ್ನೂ ಹೇಳಿಬಿಡಬೇಕು. ಕಳೆದ ಚಳಿಗಾಲದಲ್ಲಿ ಮೇಡಂ ಫೋನು ಮಾಡಿದರು. ಈಗ ಅವರೇ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ರಮನಾಕ್ಕೆ ಮತ್ತೆ ತೋಳ ಬಂದಿದೆಯಂತೆ, ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ, ಮೊದಲು ನಿಮ್ಮ ಗೆಳೆಯರ ಮನೆಗೆ ಹೋಗೋಣ, ಅವರ ಎದುರು ನಿಂತು ಕ್ಷಮೆ ಕೇಳಿಲ್ಲ ಎಂದರು. ಮೊದಲಾಗಿದ್ದರೆ ನಾನು ಏನಾದರೂ ಒಂದು ನೆಪ ಹೇಳುತ್ತಿದ್ದೆ. ಅಂದು ನೆಪ ಬಾಯಿಗೆ ಬರಲಿಲ್ಲ. ಸೂಜಿಯಿಂದ ಹಿಡಿದು ಎಲ್ಲ ಹೇಳಿದೆ.

“ಇದನ್ನ ಅವರು ನನ್ನ ಬಾಯಿಂದ ಮೊದಲು ಕೇಳೋದು ಬೇಡ” ಎಂದರು. “ನೀವು ಹೋಗಿ.”

ಬಸವಕಲ್ಯಾಣದಲ್ಲಿ ಬಸ್ಸಿಳಿದು ಆಟೋದಲ್ಲಿ ನಾರಾಯಣಪುರಕ್ಕೆ ಹೋದೆ. ಮಗಳ ಮನೆ ಹಳೆಯ ಶಿವನ ಗುಡಿಗೆ ಹತ್ತಿಕೊಂಡೇ ಇತ್ತು. ಅವನು ಗುಡಿಯ ನೆರಳಿನಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದ. ಕಣ್ಣಿಗೆ ಪೊರೆ ಬಂದಿತ್ತು. ನನ್ನ ಕೆಮ್ಮು ಕೇಳಿಯೇ ಗುರುತು ಹಿಡಿದ.

“ವಾಚರ್ ಸಾಹೇಬ್ರ ಬಂದಂಗದ. ಪಾರ್ಕು ಮುಚ್ಚಿದ್ರೇನು?”

ಪಕ್ಕದಲ್ಲಿ ಕೂಡಿಸಿಕೊಂಡ. ಮನೆಯ ಕಡೆ ಮುಖ ಮಾಡಿ ನೀರು ತರಲು ಹೆಂಡತಿಗೆ ಕೂಗಿ ಹೇಳಿದ. ಮೊಣಕಾಲಿನ ಮಾತು, ಮೊಮ್ಮಕ್ಕಳ ಮಾತು ಆಯಿತು. ಆಮೇಲೆ ನಾನು ಹೇಳಿದೆ. ತೋಳ ಸತ್ತದ್ದು ವಿಷದಿಂದಲ್ಲ, ನನ್ನ ನಾಯಿಯ ರೋಗದಿಂದ. ಸೂಜಿ ಹಾಕಿಸದೆ ಹಾಕಿಸಿದೆ ಎಂದಿದ್ದೆ. ಉತ್ತರ ಬಂದು ನಿನಗೆ ಹೇಳು ಎಂದು ಮೇಡಂ ಹೇಳಿದ್ದರು, ನಾನು ಹೇಳಲಿಲ್ಲ.

“ಯಾವಾಗ ಹೇಳಿದ್ದಳು ಆಕಿ?”

“ನೀ ಕುರಿ ಮಾರೂಕಿಂತ ಮೊದಲ.”

ಅವನು ತಲೆ ಆಡಿಸಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

“ಮತ್ತ ನಾಯಿ?” ಎಂದ. “ನಾಯಿ ಸತ್ತಿತ್ತಲ್ಲ, ನನ್ನ ದವಾ ತಿಂದು?”

ನನಗೆ ಆಗ ತಿಳಿಯಿತು. ಅಷ್ಟು ವರ್ಷ ನನ್ನ ಸಲುವಾಗಿ ಬಾಯಿ ಮುಚ್ಚಿಕೊಂಡಿದ್ದಾನೆ ಎಂದೇ ನಾನು ತಿಳಿದಿದ್ದೆ. ಆ ನಂಬಿಕೆಯಲ್ಲಿ ನನಗೆ ಒಂದು ಬಗೆಯ ಸಮಾಧಾನವೂ ಇತ್ತು.

“ನೀ ಓದಿದಾವ” ಎಂದು ಅವನೇ ಮುಂದುವರಿಸಿದ. “ಅವತ್ತ ಸಾಹೇಬರ ಮುಂದ ಹೊಲಕ್ಕ ಹೊಡಿಯೋ ಔಷಧಾ ಅಂದಿ. ಇಂವಾ ಯಾಕ ಹಂಗ ಅಂದ ಅಂತ ವಿಚಾರ ಮಾಡ್ದೆ. ಅರಿಶಿಣ ಕಟ್ಟಿಟ್ಟ ಚೀಲಾ ಯಾರದೋ ಹೊಲದಾಗ ಸಿಕ್ಕಿದ್ದು. ಅದರಾಗ ಮೊದಲ ಔಷಧಾ ಇತ್ತೇನೋ, ನಾ ಕಣ್ಣಿಲ್ಲದಾವ ನೋಡಲಿಲ್ಲೇನೋ, ಇಂವಗ ವಾಸನಿ ಬಡದದ ಅನ್ಕೊಂಡೆ. ಆಮ್ಯಾಲ ನಾಯಿನೂ ಸತ್ತಿತು ಅಂದಿ. ಮುಗೀತು. ನಾನೇ ಕೊಂದೀನಿ ಅನ್ಕೊಂಡೆ, ಆ ಮರಿಗೋಳಿಗಿ.”

“ನಾಯಿ ಸಾಯಲಿಲ್ಲ” ಎಂದೆ. “ನನ್ನ ಹೆಂಡ್ತಿ ತವರಾಗ ಇತ್ತು. ಮುದಿಯಾಗಿ ಸತ್ತಿತು.”

“ಬದುಕಿತ್ತು?”

“ಬದುಕಿತ್ತು.”

“ಉಣತಿತ್ತೇನು?”

“ಉಣತಿತ್ತು. ಹಿಂಗಾಲು ಒಂದು ಅದರತಿತ್ತು ಅಷ್ಟ.”

“ಅದು ಹೋಗೂದಿಲ್ಲ” ಎಂದ, ಹಳೆಯ ವೈದ್ಯನ ದನಿಯಲ್ಲಿ. “ಅದು ಉಳೀತದ.” ಆಮೇಲೆ ಕಾಣದ ಕಣ್ಣನ್ನು ಮನೆಯ ಕಡೆಗೆ ತಿರುಗಿಸಿ ಹೆಂಡತಿಗೆ ಹೇಳಿದ. “ಏ, ಕೇಳಿದೇನ? ಆ ನಾಯಿ ಬದುಕಿತ್ತಂತ. ನನ್ನ ದವಾ ದವಾನ ಇತ್ತಂತ.”

ಅವಳು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. “ಮೊಮ್ಮಗಳು ಕೆಮ್ಮಿ ಕೆಮ್ಮಿ ಹೈರಾಣಾದಾಗ ಒಂದ ಚೂರ ಅರಿಶಿಣ ತೇದು ಕೊಡು ಅಂದೆ” ಎಂದಳು ನನಗೆ. “ಕೊಡಲಿಲ್ಲ ಇಂವಾ. ನನ್ನ ಕೈಯಾಗ ವಿಷ ಅದ ಅಂದ. ಕೂಸಿಗಿ ಎತ್ತಿಕೊಳ್ಳಾಕೂ ಅಂಜತಿದ್ದ.” ತಂಬಿಗೆಯನ್ನು ನನ್ನ ಕೈಗೆ ಕೊಡದೆ ಒಳಗೆ ಹೋದಳು.

ನಾನು ಕ್ಷಮಿಸು ಎಂದೆನೋ ಇಲ್ಲವೋ ಈಗ ನೆನಪಿಲ್ಲ. ಅಂದಿದ್ದರೂ ಅವನು ಕೇಳಿಸಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಯನ್ನು ತಿಕ್ಕುತ್ತಿದ್ದ, ಉಂಡೆಗೆ ಅಜವಾನ ಪುಡಿಮಾಡುವಾಗ ಮಾಡುತ್ತಿದ್ದಂತೆ. ಬಿಸಿಲು ಕಟ್ಟೆಯ ಮೇಲೆ ಬಂದ ಮೇಲೆ ನಾನು ಎದ್ದೆ.

“ಬರ್ತೇನಿ” ಎಂದೆ. ಎಲ್ಲರೂ ಹೊರಡುವಾಗ ಹೇಳುವ ಮಾತು. ಅದಕ್ಕೆ ಎಲ್ಲರೂ ಬಾ ಎನ್ನುತ್ತಾರೆ. ಜಗಳವಾಡಿದವರೂ ಬಾ ಎಂದೇ ಕಳಿಸುತ್ತಾರೆ. ಅವನೂ ಚಿಕ್ಕಂದಿನಿಂದ ನನಗೆ ಹಾಗೆಯೇ ಹೇಳಿದ್ದ.

“ಹೋಗು” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.